ನೊಣ ಬಂದದ್ದು ಯಾವಾಗ? ಶವದ ಮೇಲಿನ ಹುಳು ಹೇಳುವ ಸಮಯ

ಮೈ ತಣ್ಣಗಾಗುವುದು, ಸೆಟೆದುಕೊಳ್ಳುವುದು: ಸಾವಿನ ಸಮಯ ಅಂದಾಜಿಸಲು ವೈದ್ಯರು ನೋಡುವ ಈ ಗುರುತುಗಳು ಎರಡು ಮೂರು ದಿನ ಕಳೆದರೆ ಕೈಕೊಡುತ್ತವೆ. ಹಾಗಾದರೆ ವಾರದ ಬಳಿಕ ಸಿಕ್ಕ ಶವದ ಲೆಕ್ಕ ಹಾಕುವುದು ಹೇಗೆ? ಅದರ ಮೇಲಿನ ಹುಳುಗಳ ವಯಸ್ಸಿನಿಂದ.

[ತೆರೆಯ ಮೇಲೆ: ಬಿಸಿಲಲ್ಲಿಟ್ಟ ಕುಡುಗೋಲುಗಳ ಸಾಲು]

ಮೊದಲು ಇತಿಹಾಸ, ಚುಟುಕಾಗಿ. 1247ರಲ್ಲಿ ಚೀನಾದ ಅಧಿಕಾರಿ ಸೊಂಗ್ ಸಿ ಬರೆದ ಕೈಪಿಡಿಯಲ್ಲಿ ಒಂದು ಕೊಲೆ ಪ್ರಕರಣ ಬರುತ್ತದೆ. ಗಾಯ ಕುಡುಗೋಲಿನದು. ತನಿಖಾಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ತರಿಸಿ ನೆಲದ ಮೇಲೆ ಸಾಲಾಗಿ ಇಡಿಸಿದ. ನೊಣ ಮುತ್ತಿದ್ದು ಒಂದೇ ಒಂದಕ್ಕೆ; ಅದರ ಒಡೆಯ ತಪ್ಪೊಪ್ಪಿಕೊಂಡ. 1855ರಲ್ಲಿ ಫ್ರಾನ್ಸಿನ ವೈದ್ಯ ಬರ್ಜರೆ, ಮನೆಯೊಂದರಲ್ಲಿ ಸಿಕ್ಕ ಶಿಶುವಿನ ಒಣಗಿದ ಶವದ ಕೀಟಗಳಿಂದ ವರ್ಷಗಳ ಲೆಕ್ಕ ಹಾಕಿದ ವರದಿ ಪ್ರಕಟಿಸಿದರು. ನೊಣ ಬೆಳೆಯಲು ವರ್ಷವಿಡೀ ಬೇಕೆಂದು ಅವರು ಭಾವಿಸಿದ್ದು ತಪ್ಪು, ಆದರೆ ಹಿಡಿದ ದಾರಿ ಸರಿಯಿತ್ತು. 1894ರಲ್ಲಿ ಫ್ರಾನ್ಸಿನವರೇ ಆದ ಪಶುವೈದ್ಯ ಮೆನ್ಯಾನ್, ಶವಕ್ಕೆ ಕೀಟಗಳು ಎಂಟು ಅಲೆಗಳಲ್ಲಿ ಬರುತ್ತವೆ ಎಂದು ವಿವರಿಸಿದರು.

ಈಗ ನನಗೆ ತುಂಬ ಇಷ್ಟವಾದ ಭಾಗ.

[ತೆರೆಯ ಮೇಲೆ: ಹುಳುವಿನ ಹಿಂಬದಿ, ಸೂಕ್ಷ್ಮದರ್ಶಕದಲ್ಲಿ]

ಬೆಚ್ಚಗಿನ ಹಗಲಲ್ಲಿ, ಬಯಲಲ್ಲಿರುವ ಶವಕ್ಕೆ ನೀಲಿ-ಹಸಿರು ಹೊಳಪಿನ ನೊಣಗಳು ಕೆಲವೇ ನಿಮಿಷಗಳಲ್ಲಿ ಬರಬಲ್ಲವು. ಕಣ್ಣು, ಮೂಗು, ಬಾಯಿ, ಗಾಯಗಳಲ್ಲಿ ಮೊಟ್ಟೆ ಇಡುತ್ತವೆ. ಮೊಟ್ಟೆಯಿಂದ ಬಂದ ಹುಳು ತಲೆಯನ್ನು ಮಾಂಸದೊಳಗೆ ಹುದುಗಿಸಿಕೊಂಡೇ ತಿನ್ನುತ್ತದೆ. ಉಸಿರಾಡುವುದು ಹೇಗೆ? ಹಿಂಬದಿಯಿಂದ! ಅಲ್ಲಿ ಎರಡು ಪುಟ್ಟ ಬಿಲ್ಲೆಗಳಿವೆ, ಅವುಗಳಲ್ಲಿ ಸೀಳುಗಳು. ಪ್ರತಿ ಬಿಲ್ಲೆಯಲ್ಲಿ ಎರಡು ಸೀಳಿದ್ದರೆ ಹುಳು ಎರಡನೇ ಹಂತದಲ್ಲಿದೆ, ಮೂರಿದ್ದರೆ ಮೂರನೇ ಹಂತ ತಲುಪಿದೆ. ಎರಡು ಸಲ ಪೊರೆ ಬಿಟ್ಟ ದಾಖಲೆ ಹುಳುವಿನ ಬೆನ್ನ ತುದಿಯಲ್ಲೇ ಅಚ್ಚಾಗಿರುತ್ತದೆ. ಉದ್ದ ಮೋಸ ಮಾಡಬಹುದು, ಏಕೆಂದರೆ ಹಸಿದ ಹುಳು ಗಿಡ್ಡವಾಗುತ್ತದೆ. ಸೀಳುಗಳ ಸಂಖ್ಯೆ ಮಾತ್ರ ಹಸಿವಿಗೆ ಬದಲಾಗದು.

ಹಂತ ತಿಳಿಯಿತು, ಅದಕ್ಕೆ ಎಷ್ಟು ಗಂಟೆ ಬೇಕಾಯಿತು? ಬೆಳವಣಿಗೆಯ ವೇಗ ನಿಂತಿರುವುದು ಉಷ್ಣತೆಯ ಮೇಲೆ. ಲೆಕ್ಕಕ್ಕೆ ಸುಲಭವಾಗಲೆಂದು ಹೀಗಿಟ್ಟುಕೊಳ್ಳಿ: ಒಂದು ಜಾತಿ 10 ಡಿಗ್ರಿಗಿಂತ ಕೆಳಗೆ ಬೆಳೆಯದು, ಈ ಹಂತಕ್ಕೆ ಅದಕ್ಕೆ 2000 ಡಿಗ್ರಿ-ಗಂಟೆ ಬೇಕು, ಅಂದರೆ 10ರ ಮೇಲಿನ ಪ್ರತಿ ಡಿಗ್ರಿಗೆ ಗಂಟೆಗೊಂದರಂತೆ ಜಮೆಯಾಗಿ 2000 ಮುಟ್ಟಬೇಕು. ಸರಾಸರಿ 30 ಡಿಗ್ರಿ ಇದ್ದರೆ ಗಂಟೆಗೆ 20 ಜಮೆ, ಅಂದರೆ 100 ಗಂಟೆ. 25 ಡಿಗ್ರಿ ಇದ್ದರೆ? 133 ಗಂಟೆ. ಐದೇ ಡಿಗ್ರಿಗೆ ಒಂದು ದಿನಕ್ಕೂ ಹೆಚ್ಚಿನ ವ್ಯತ್ಯಾಸ! ಹಾಗಾಗಿ ಹವಾಮಾನ ಕೇಂದ್ರದ ಅಂಕಿಯನ್ನು ಹಾಗೇ ಬಳಸಬಾರದು. ಶವ ತೆಗೆದ ಮೇಲೂ ಕೆಲವು ದಿನ ಅದೇ ಜಾಗದಲ್ಲಿ ಉಷ್ಣತೆ ಅಳೆದು, ಕೇಂದ್ರದ ಅಂಕಿಯೊಂದಿಗೆ ತಾಳೆ ಹಾಕಿ ತಿದ್ದಬೇಕು. ಗುಂಪುಗೂಡಿದ ಹುಳುಗಳು ತಾವೇ ಕಾವು ಹುಟ್ಟಿಸುತ್ತವೆ, ಆ ರಾಶಿ ಸುತ್ತಲಿನ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ಬಿಸಿಯಿರಬಹುದು. ಆದ್ದರಿಂದ ಅದರೊಳಗೂ ಥರ್ಮಾಮೀಟರ್ ಇಡಬೇಕು.

ಮಾದರಿ ತೆಗೆಯುವಾಗ ಎಡವುವುದು ಇಲ್ಲಿ: ಜೀವಂತ ಹುಳುವನ್ನು ನೇರ ಆಲ್ಕೋಹಾಲ್‌ಗೆ ಹಾಕಿದರೆ ಅದು ಮುದುಡಿ ಕಪ್ಪಾಗುತ್ತದೆ, ಅಳತೆ ಕೆಡುತ್ತದೆ. ಮೊದಲು ತುಂಬ ಬಿಸಿಯಾದ ನೀರಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ 80 ಪ್ರತಿಶತ ಆಲ್ಕೋಹಾಲ್‌ಗೆ ಹಾಕಿ. ಒಂದಷ್ಟನ್ನು ಜೀವಂತವಾಗಿಯೇ ಸಾಕಿ ನೊಣವಾಗಿಸಿ; ಜಾತಿ ಖಚಿತವಾಗುವುದು ಆಗಲೇ. ದೊಡ್ಡ ಹುಳುಗಳನ್ನೇ ಆರಿಸಿ, ಹಳೆಯವು ಅವುಗಳಲ್ಲೇ ಇರುತ್ತವೆ. ಸುತ್ತಲಿನ ಮಣ್ಣನ್ನೂ ಕೆದಕಿ: ತಿಂದು ಮುಗಿಸಿದವು ಶವ ಬಿಟ್ಟು ಹೋಗಿ ಅಲ್ಲಿ ಕೋಶ ಕಟ್ಟಿರಬಹುದು. ಅವನ್ನು ಬಿಟ್ಟರೆ ಲೆಕ್ಕ ದಿನಗಟ್ಟಲೆ ಕಡಿಮೆ ಬರುತ್ತದೆ.

ಸಮಯ ಮೀರುತ್ತಿದೆ, ಉಳಿದದ್ದು ಒಟ್ಟಿಗೆ. ರಾತ್ರಿ ಈ ನೊಣಗಳು ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಬಟ್ಟೆ ಸುತ್ತಿದ್ದರೆ, ಬಾಗಿಲು ಮುಚ್ಚಿದ್ದರೆ ತಡವಾಗುತ್ತದೆ. ಶವದಲ್ಲಿರುವ ಕೊಕೇನ್‌ನಂಥ ಮಾದಕ ವಸ್ತು ಹುಳುವಿನ ಬೆಳವಣಿಗೆಯ ವೇಗವನ್ನೇ ಬದಲಿಸಬಹುದು. ಬದುಕಿದ್ದಾಗಲೇ ಕೊಳೆತ ಗಾಯದಲ್ಲಿ ಹುಳು ಬಿದ್ದಿದ್ದರೆ ಅವು ಸಾವಿಗಿಂತ ಹಳೆಯವು, ಆಗ ಲೆಕ್ಕ ತಿರುವುಮುರುವು. ಹುಳು ಹೇಳುವುದು ನೊಣ ಬಂದ ಸಮಯವನ್ನೇ ಹೊರತು ಪ್ರಾಣ ಹೋದ ಗಳಿಗೆಯನ್ನಲ್ಲ. ಅದಕ್ಕೇ ವರದಿಯಲ್ಲಿ ‘ಕನಿಷ್ಠ ಇಷ್ಟು ಗಂಟೆ’ ಎಂದೇ ಬರೆಯಬೇಕು, ಯಾವ ಉಷ್ಣತೆ ಹಿಡಿದು ಲೆಕ್ಕ ಹಾಕಿದ್ದು ಎಂಬುದನ್ನೂ ಸೇರಿಸಬೇಕು.