ಕಪ್ಪು ಕುಳಿಯೊಳಗೆ ಯಮಲೋಕ

ಕೇಳುಗರಿಗೆ ನಮಸ್ಕಾರ.

ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಕೂತು, ಎಂಟನೇ ವಯಸ್ಸಿನಲ್ಲಿ ನೋಡಿದ್ದ ಒಂದು ಸಿನಿಮಾ ಹಾಕಿದೆ. ‘ದಿ ಬ್ಲ್ಯಾಕ್ ಹೋಲ್’. 1979ರಲ್ಲಿ ಡಿಸ್ನಿಯವರು ತೆಗೆದದ್ದು. ನಮ್ಮ ಮನೆಗೆ ಅದು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ, ಬಾಡಿಗೆ ವಿಸಿಆರ್ ಜೊತೆ. ನಡುಮನೆ ತುಂಬ ಅಕ್ಕಪಕ್ಕದ ಮಕ್ಕಳು. ಮೂಲೆಯಲ್ಲಿ ಅಜ್ಜಿ.

ಪಾಲೊಮಿನೊ ಎಂಬ ಪುಟ್ಟ ಬಾಹ್ಯಾಕಾಶ ನೌಕೆಯವರಿಗೆ, ಬೆಳಕನ್ನೂ ಬಿಡದೆ ನುಂಗುವ ಕಪ್ಪು ಕುಳಿಯ, ಅಂದರೆ ಬ್ಲ್ಯಾಕ್ ಹೋಲ್‌ನ ಅಂಚಿನಲ್ಲಿ, ಎಂದೋ ಕಾಣೆಯಾಗಿದ್ದ ಸಿಗ್ನಸ್ ಎಂಬ ಭಾರಿ ನೌಕೆ ಕಾಣಿಸುತ್ತದೆ. ಮೊದಲು ಕಗ್ಗತ್ತಲು. ಆಮೇಲೆ ಒಂದೇ ಸಲ ಅಷ್ಟೂ ದೀಪ ಹತ್ತುತ್ತವೆ, ಭಾನುವಾರ ಸಂಜೆ ಮೈಸೂರು ಅರಮನೆ ಬೆಳಗಿದ ಹಾಗೆ. ಆವತ್ತು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಮೊನ್ನೆಯೂ ಅಷ್ಟೇ.

ಆದರೆ ಪಾತ್ರಗಳು ಬಾಯಿ ತೆರೆದವು, ನೋಡಿ! ಸುಮಾರು 2 ಕೋಟಿ ಡಾಲರ್ ಸುರಿದವರು ಮಾತಿಗೆ ಬಿಡಿಗಾಸೂ ಇಟ್ಟಂತಿಲ್ಲ. ದುಂಡು ಕಣ್ಣಿನ ರೋಬೋಟ್ ಒಂದು ಗಾದೆ ಉದುರಿಸುತ್ತಲೇ ಇರುತ್ತದೆ. ನೌಕೆ ಒಡೆದು ಹೋದರೂ ಜನ ಆರಾಮಾಗಿ ಉಸಿರಾಡುತ್ತಾರೆ. ಕಪ್ಪು ಕುಳಿಯಂತೂ ಬಚ್ಚಲ ತೂಬಿನಲ್ಲಿ ನೀರು ಸುತ್ತಿ ಇಳಿದ ಹಾಗಿದೆ.

ಇಲ್ಲೇ ನನಗೆ ಹೊಟ್ಟೆ ಉರಿದದ್ದು. ನಮ್ಮ ಬೆಂಗಳೂರಿನ ವಿಜ್ಞಾನಿ ಸಿ. ವಿ. ವಿಶ್ವೇಶ್ವರ 1970ರಲ್ಲೇ ಒಂದು ಲೆಕ್ಕ ಹಾಕಿ ತೋರಿಸಿದ್ದರು. ಕಪ್ಪು ಕುಳಿಯನ್ನು ಕೆಣಕಿದರೆ ಅದು ಬಾರಿಸಿದ ಗಂಟೆಯ ಹಾಗೆ ಮಿಡಿದು, ಮೆಲ್ಲಗೆ ಸುಮ್ಮನಾಗುತ್ತದೆ. ಎಂಥ ಚೆಂದದ ಸಂಗತಿ ಅಲ್ವಾ? ಸಿನಿಮಾದವರಿಗೆ ತೂಬೇ ಸಾಕಾಯಿತು.

ಒಂದು ದೃಶ್ಯಕ್ಕೆ ಮಾತ್ರ ಈಗಲೂ ಮೈ ಜುಮ್ಮೆನ್ನುತ್ತದೆ. ಸಿಗ್ನಸ್ ನೌಕೆಯ ಕೆಲಸದಾಳುಗಳಿಗೆಲ್ಲ ಕನ್ನಡಿಯಂಥ ಮುಖವಾಡ. ರೋಬೋಟ್‌ಗಳು ಅಂತ ನಾವು ನಂಬಿರುತ್ತೇವೆ. ಅವರಲ್ಲೊಬ್ಬ ಕುಂಟುತ್ತಾನೆ. ಯಂತ್ರ ಯಾಕೆ ಕುಂಟಬೇಕು? ಕೊನೆಗೆ ಒಬ್ಬನ ಮುಖವಾಡ ಕಿತ್ತರೆ ಒಳಗೆ ಬಾಡಿಹೋದ ಮನುಷ್ಯನ ಮುಖ. ಹಳೆಯ ಸಿಬ್ಬಂದಿಯನ್ನೇ ಆ ನೌಕೆ ನಡೆಸುವ ಹುಚ್ಚು ವಿಜ್ಞಾನಿ ಗೊಂಬೆ ಮಾಡಿಟ್ಟಿದ್ದಾನೆ! ಆವತ್ತು ನಾನು ಅಜ್ಜಿಯ ಸೆರಗು ಹಿಡಿದದ್ದು ಇಲ್ಲೇ. ಎರಡೇ ನಿಮಿಷ. ಸಿನಿಮಾ ಮತ್ತೆ ಬಂದೂಕಿನ ಆಟಕ್ಕೆ ಓಡುತ್ತದೆ.

ಕೊನೆಗೂ ಕುಳಿಯೊಳಗೆ ಇಳಿಯುತ್ತಾರೆ. ಅಲ್ಲೇನಿದೆ ಅಂತ ನಾವು ಮಕ್ಕಳೆಲ್ಲ ಉಸಿರು ಹಿಡಿದು ಕೂತಿದ್ದೆವು. ಕಂಡದ್ದು ಬೆಂಕಿ, ಬಂಡೆ, ನಡುವೆ ಆ ಹುಚ್ಚು ವಿಜ್ಞಾನಿ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಅಯ್ಯೋ, ಇದು ಯಮಲೋಕ ಕಣೋ! ಇದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?”

ಮೊನ್ನೆ ಆ ದೃಶ್ಯ ಬಂದಾಗ ಒಬ್ಬನೇ ಜೋರಾಗಿ ನಕ್ಕೆ. ನಮಸ್ಕಾರ.