ದುಬೈಯ ಖರೀದಿದಾರರೊಂದಿಗೆ ಮೀಟಿಂಗ್: ಝೂಮ್, ಮೀಟ್, ಟೀಮ್ಸ್ ಪೈಕಿ ಯಾವುದನ್ನು ಕೊಳ್ಳಬೇಕು?

[ನಿರೂಪಕ ಕ್ಯಾಮೆರಾದ ಎದುರು]

ನಮಸ್ಕಾರ. ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರ ಕಚೇರಿಯನ್ನು ನೋಡಿಕೊಳ್ಳುವ ವೀಕ್ಷಕಿಯೊಬ್ಬರು ನಮಗೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ದುಬೈಯ ಖರೀದಿದಾರರೊಂದಿಗೆ ಅವರ ಯಜಮಾನರು ವಾರಕ್ಕೊಮ್ಮೆ ವಿಡಿಯೋ ಮೀಟಿಂಗ್ ನಡೆಸುತ್ತಾರೆ. ದರದ ಮಾತು ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, ‘ನೀವು ಹೇಳಿ, ಇಲ್ಲ ನೀವೇ ಹೇಳಿ’ ಎನ್ನುವುದರಲ್ಲಿ ಸಮಯ ಕಳೆಯುತ್ತದೆ. ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಪೈಕಿ ಯಾವುದಕ್ಕೆ ಹಣ ಕಟ್ಟಿದರೆ ಈ ತೊಂದರೆ ನೀಗುತ್ತದೆ ಎಂದು ಅವರು ಕೇಳಿದ್ದಾರೆ.

ಎಲ್ಲರಿಗೂ ತಿಳಿದಿರುವ ಸಂಗತಿಯನ್ನು ಮೊದಲು ಮುಗಿಸೋಣ. ಉಚಿತ ಖಾತೆಯಲ್ಲಿ ಝೂಮ್ 40 ನಿಮಿಷ ಕೊಡುತ್ತದೆ. ಮೂವರು ಅಥವಾ ಹೆಚ್ಚು ಜನರ ಮೀಟಿಂಗ್‌ಗೆ ಗೂಗಲ್ ಮೀಟ್ ಮತ್ತು ಟೀಮ್ಸ್ 60 ನಿಮಿಷ ಕೊಡುತ್ತವೆ. ಮೂರರಲ್ಲೂ 100 ಜನ ಸೇರಬಹುದು. ಹಣ ಕಟ್ಟಬೇಕಾದವರು ಮೀಟಿಂಗ್ ಕರೆಯುವವರು ಮಾತ್ರ, ಸೇರುವವರಲ್ಲ. ಆದ್ದರಿಂದ ಹತ್ತು ಜನರ ಕಚೇರಿಗೆ ಹತ್ತು ಲೈಸೆನ್ಸ್ ಕೊಳ್ಳುವ ಮೊದಲು, ನಿಜವಾಗಿ ಮೀಟಿಂಗ್ ಕರೆಯುವವರು ಎಷ್ಟು ಮಂದಿ ಎಂದು ಎಣಿಸಿ ನೋಡಿ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆಗೆ ಬರುತ್ತೇನೆ. ಮಾತು ಮಾತಿಗೆ ಡಿಕ್ಕಿ ಹೊಡೆಯುವುದೇಕೆ?

[ಪರದೆಯ ಮೇಲೆ: ಕಂಬಳದ ಕರೆ (ಕೋಣಗಳು ಓಡುವ ಕೆಸರಿನ ಹಾದಿ), ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ]

ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವುದರ ನಡುವಿನ ಅಂತರ ಸರಾಸರಿ ಸುಮಾರು 0.2 ಸೆಕೆಂಡು. ಅಷ್ಟು ಹೊತ್ತಿನ ಮೌನವನ್ನು ನಮ್ಮ ಕಿವಿ ‘ಈಗ ನನ್ನ ಸರದಿ’ ಎಂದು ಓದುತ್ತದೆ. ಹೋಗುವಾಗಲೂ ಬರುವಾಗಲೂ ತಡವಾಗುವ ಧ್ವನಿ ಈ ಓದನ್ನು ಕೆಡಿಸುತ್ತದೆ. ಒಂದು ದಿಕ್ಕಿನ ವಿಳಂಬ 0.15 ಸೆಕೆಂಡಿನೊಳಗಿದ್ದರೆ ಮಾತು ಸರಾಗವೆಂದೂ, 0.4 ಸೆಕೆಂಡನ್ನು ಮೀರಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ.

ಈ ಅಂಕಿಗಳನ್ನು ಗದ್ದೆಗಿಳಿಸಿ ನೋಡಿದಾಗ ನನಗೆ ಬಹಳ ಸಂತೋಷವಾಯಿತು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 0.15 ಸೆಕೆಂಡೆಂದರೆ ಸುಮಾರು 50 ಮೀಟರ್. ಅಂದರೆ ಗದ್ದೆಯ ಆಚೆಯ ಬದುವಿನಲ್ಲಿ ನಿಂತವರನ್ನು ಕರೆದು ಮಾತನಾಡಿಸುವಷ್ಟು ದೂರ. 0.4 ಸೆಕೆಂಡೆಂದರೆ ಸುಮಾರು 140 ಮೀಟರ್, ಹೆಚ್ಚುಕಡಿಮೆ ಒಂದು ಕಂಬಳದ ಕರೆಯಷ್ಟೇ ಉದ್ದ. 2020ರಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವೆಲ್ಲ ಹರಡಿದ್ದು ನೆನಪಿರಬಹುದು. ಆ ಕರೆಯ ಗಂತಿನಲ್ಲಿ ಒಬ್ಬರು, ಮಂಜೊಟ್ಟಿಯಲ್ಲಿ ಇನ್ನೊಬ್ಬರು ನಿಂತು ಗೇರುಬೀಜದ ದರ ಚೌಕಾಶಿ ಮಾಡುವುದನ್ನು ಊಹಿಸಿಕೊಳ್ಳಿ. ಕೂಗು ಹೋಗಲು 0.4 ಸೆಕೆಂಡು, ಮರುಕೂಗು ಬರಲು ಇನ್ನೊಂದು 0.4 ಸೆಕೆಂಡು. ಆ ನಡುವೆ ಮೌನವೆಂದು ಭಾವಿಸಿ ಇವರು ಮತ್ತೆ ಮಾತು ತೆಗೆಯುತ್ತಾರೆ, ಅಷ್ಟರಲ್ಲಿ ಅವರ ಉತ್ತರ ಬಂದು ತಾಗುತ್ತದೆ. ಪರದೆಯ ಮೇಲೆ ಮುಖ ಎರಡು ಅಡಿ ದೂರದಲ್ಲಿ ಕಾಣುವುದರಿಂದ, ಧ್ವನಿ ಕಂಬಳದ ಕರೆಯ ಆ ತುದಿಯಷ್ಟು ದೂರದಿಂದ ಬರುತ್ತಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಯಕ್ಷಗಾನದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರು ಉಡುಪಿಯಲ್ಲಿ, ಚೆಂಡೆಯವರು ಸುರತ್ಕಲ್ಲಿನಲ್ಲಿ ಕುಳಿತು ವಿಡಿಯೋ ಕರೆಯಲ್ಲಿ ಒಂದೇ ತಾಳಕ್ಕೆ ನುಡಿಸಲು ಹೊರಟರೆ ಕೆಲವೇ ಆವರ್ತಗಳಲ್ಲಿ ಲಯ ಜಾರುತ್ತದೆ. ಜತೆಯಾಗಿ ನುಡಿಸುವವರಿಗೆ 0.03 ಸೆಕೆಂಡಿನ ವಿಳಂಬವೇ ಕಷ್ಟ. ರಂಗಸ್ಥಳದಲ್ಲಿ ಅವರು ಕೆಲವೇ ಅಡಿಗಳ ಅಂತರದಲ್ಲಿ ಕೂರುವುದರ ಹಿಂದೆ ಧ್ವನಿವಿಜ್ಞಾನವೂ ಇದೆ ಎಂದು ನಾನು ನಂಬುತ್ತೇನೆ.

[ಪರದೆಯ ಮೇಲೆ: ಮಂಗಳೂರು–ದುಬೈ ನಕ್ಷೆ]

ಹಾಗಾದರೆ ವಿಳಂಬ ಎಲ್ಲಿ ಹುಟ್ಟುತ್ತದೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮಂಗಳೂರಿನಿಂದ ದುಬೈ ನೇರ ದೂರದಲ್ಲಿ ಸುಮಾರು 2,500 ಕಿಲೋಮೀಟರ್, ಅದಕ್ಕೆ 0.0125 ಸೆಕೆಂಡು ಸಾಕು. ಅದೇ ಮಾತು ಅಮೆರಿಕದ ಪಶ್ಚಿಮ ಕರಾವಳಿಯ ಸರ್ವರ್‌ಗೆ ಹೋಗಿ ದುಬೈಗೆ ಮರಳಿದರೆ ಸುಮಾರು 27,000 ಕಿಲೋಮೀಟರ್ ಆಗುತ್ತದೆ, ದಾರಿಯಲ್ಲೇ 0.13 ಸೆಕೆಂಡು ಮುಗಿಯುತ್ತದೆ. ಆದ್ದರಿಂದ ಹೆಸರು ಕೇಳದ ಅಗ್ಗದ ಸೇವೆ ಕೊಳ್ಳುವವರು ಅದರ ಸರ್ವರ್ ಎಲ್ಲಿದೆ ಎಂದು ಬರಹದಲ್ಲಿ ಕೇಳಬೇಕು. ನಮ್ಮ ವೀಕ್ಷಕಿ ಹೆಸರಿಸಿದ ಮೂರೂ ಕಂಪನಿಗಳಿಗೆ ಭಾರತದಲ್ಲಿ ಡೇಟಾ ಸೆಂಟರ್‌ಗಳಿವೆ. ಹೀಗಿರುವಾಗ ಅವರ ವಿಳಂಬ ಬಹುಪಾಲು ಕಚೇರಿಯ ಒಳಗೇ ಹುಟ್ಟುತ್ತಿರಬಹುದು. ವೈಫೈ ದುರ್ಬಲವಾಗಿದ್ದರೆ ಧ್ವನಿಯ ತುಣುಕುಗಳು ಅಂಕುಡೊಂಕಾಗಿ ತಲುಪುತ್ತವೆ. ಅವನ್ನು ಜೋಡಿಸಿ ಕೇಳಿಸಲು ಆ್ಯಪ್ ಸ್ವಲ್ಪ ಕಾಯುತ್ತದೆ, ಆ ಕಾಯುವಿಕೆ ವಿಳಂಬಕ್ಕೆ ಸೇರುತ್ತದೆ. ಬ್ಲೂಟೂತ್ ಇಯರ್‌ಫೋನ್ ಇನ್ನಷ್ಟು ಸೇರಿಸುತ್ತದೆ. ರೂಟರ್‌ನಿಂದ ಕಂಪ್ಯೂಟರಿಗೆ ನೇರ ಕೇಬಲ್ ಮತ್ತು ತಂತಿಯ ಹೆಡ್‌ಸೆಟ್ ಹಾಕಿ ಒಂದು ವಾರ ನೋಡಿ ಎಂದೇ ನಾನು ಅವರಿಗೆ ಮೊದಲು ಹೇಳುತ್ತೇನೆ.

ಅಳೆಯಲು ಬೇರೆ ಉಪಕರಣ ಬೇಡ. ಝೂಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್, ಟೀಮ್ಸ್‌ನಲ್ಲಿ ಕಾಲ್ ಹೆಲ್ತ್ ತೆರೆದರೆ ವಿಳಂಬ ಎಷ್ಟು, ಎಷ್ಟು ಧ್ವನಿತುಣುಕುಗಳು ಕಳೆದುಹೋದವು ಎಂಬುದು ಮೀಟಿಂಗ್ ನಡೆಯುವಾಗಲೇ ಕಾಣುತ್ತದೆ.

ದುಬೈ ಎಂದಾಗ ಇನ್ನೊಂದು ಸಂಗತಿಯನ್ನು ಬಿಡಲಾಗದು. ಕರಾವಳಿಯ ಎಷ್ಟೋ ಮನೆಗಳಿಗೆ ಇದು ಸ್ವಂತ ಅನುಭವ: ಯುಎಇಯಲ್ಲಿರುವ ಮಗನಿಗೆ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಅಲ್ಲಿ ಇಂಟರ್ನೆಟ್ ಕರೆಯ ಸೇವೆಗಳಿಗೆ ನಿಯಂತ್ರಕರ ಅನುಮತಿ ಬೇಕು. 2020ರಲ್ಲಿ ಮನೆಯಿಂದಲೇ ಕೆಲಸ ಮತ್ತು ಪಾಠ ಆರಂಭವಾದಾಗ ಝೂಮ್ ಮತ್ತು ಟೀಮ್ಸ್‌ಗೆ ದಾರಿ ತೆರೆಯಿತು. ಸೌದಿ ಅರೇಬಿಯಾ ಇಂತಹ ನಿರ್ಬಂಧವನ್ನು 2017ರಲ್ಲೇ ಸಡಿಲಿಸಿತ್ತು. ಚೀನಾದ ಪೂರೈಕೆದಾರರಿದ್ದರೆ ಗೂಗಲ್ ಮೀಟ್ ಅಲ್ಲಿ ತೆರೆಯುವುದಿಲ್ಲ. ಹೀಗಾಗಿ ಆಯ್ಕೆಯ ಅರ್ಧ ಭಾಗ ಬೈಕಂಪಾಡಿಯಲ್ಲಿ ತೀರ್ಮಾನವಾಗುವುದೇ ಇಲ್ಲ. ಎದುರಿನವರ ಊರಿನಲ್ಲಿ, ಅವರ ಕಚೇರಿಯಲ್ಲಿ ಯಾವುದು ನಡೆಯುತ್ತದೆ ಎಂದು ಕೇಳಿಯೇ ಹಣ ಕಟ್ಟಬೇಕು.

[ನಿರೂಪಕ ಮತ್ತೆ ಕ್ಯಾಮೆರಾದ ಎದುರು]

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಝೂಮ್ ಸುರಕ್ಷಿತವಲ್ಲ ಎಂದು ಎಚ್ಚರಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಝೂಮ್ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್, ಅಂದರೆ ಮೀಟಿಂಗ್‌ನಲ್ಲಿ ಇರುವವರ ಹೊರತು ಬೇರೆ ಯಾರಿಗೂ ಮಾತು ತಿಳಿಯದಂತೆ ಮಾಡುವ ವ್ಯವಸ್ಥೆ ತಂದಿತು. ಆದರೆ ಅದನ್ನು ನೀವೇ ಆನ್ ಮಾಡಬೇಕು, ಮಾಡಿದರೆ ಕ್ಲೌಡ್ ರೆಕಾರ್ಡಿಂಗ್ ಸಿಗುವುದಿಲ್ಲ. ದರದ ಮಾತುಕತೆಗೆ ಪಾಸ್‌ಕೋಡ್ ಮತ್ತು ನೀವು ಒಪ್ಪಿದವರನ್ನು ಮಾತ್ರ ಒಳಗೆ ಬಿಡುವ ವೇಯ್ಟಿಂಗ್ ರೂಮ್ ಇರಲೇಬೇಕು. ಮಾತುಕತೆ ತನ್ನ ಸರ್ವರ್‌ನಲ್ಲೇ ಇರಬೇಕೆನ್ನುವ ಸಂಸ್ಥೆ, ನೋಡಿಕೊಳ್ಳುವ ಒಬ್ಬ ತಂತ್ರಜ್ಞರಿದ್ದರೆ, ವಿಡಿಯೋ ಮೀಟಿಂಗ್‌ನ ಮುಕ್ತ ತಂತ್ರಾಂಶವಾದ ಜಿಟ್ಸಿಯನ್ನು ಪರಿಶೀಲಿಸಬಹುದು. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದಿಗೆ ನಾಯ್ಸ್ ಸಪ್ರೆಶನ್ ಆನ್ ಮಾಡಿ, ಲೈನ್ ಕುಸಿದರೆ ಮೊದಲು ಕ್ಯಾಮೆರಾ ನಿಲ್ಲಿಸಿ. ಚಿತ್ರ ನುಂಗುವ ಡೇಟಾದ ಸಣ್ಣ ಪಾಲಿನಲ್ಲಿ ಧ್ವನಿ ಸ್ಪಷ್ಟವಾಗಿ ಹೋಗುತ್ತದೆ. ಮೆಸ್ಕಾಂ ಲೈನಿಗೆ ಮರ ಬಿದ್ದು ಕರೆಂಟ್ ಹೋದಾಗ ಮಾತು ನಿಲ್ಲದಿರಲು ರೂಟರ್‌ಗೊಂದು ಸಣ್ಣ ಯುಪಿಎಸ್ ಇರಲಿ.

ವೀಕ್ಷಕಿಗೆ ನನ್ನ ಉತ್ತರ ಇಷ್ಟು: ನಿಮ್ಮ ಖರೀದಿದಾರರ ಕಂಪನಿ ಈಗಾಗಲೇ ಟೀಮ್ಸ್ ಬಳಸುತ್ತಿದೆ ಎಂದು ಬರೆದಿದ್ದೀರಿ. ಅವರೇ ಮೀಟಿಂಗ್ ಕರೆಯಲಿ, ನೀವು ಅತಿಥಿಯಾಗಿ ಸೇರಿ. ಈ ತಿಂಗಳು ಕೇಬಲ್ ಮತ್ತು ಹೆಡ್‌ಸೆಟ್‌ಗೆ ಮಾತ್ರ ಖರ್ಚು ಮಾಡಿ, ನಾಲ್ಕು ಮೀಟಿಂಗ್‌ಗಳ ವಿಳಂಬದ ಅಂಕಿಗಳನ್ನು ಬರೆದು ನನಗೆ ಕಳುಹಿಸಿ.