ಜಾಹ್ನವಿ ತವರಿಗೆ ಯಾಕೆ ಹೇಳಲಿಲ್ಲ?

ಕೇಳುಗರಿಗೆ ನಮಸ್ಕಾರ.

‘ಲಕ್ಷ್ಮೀ ನಿವಾಸ’ ಧಾರಾವಾಹಿ ನೋಡುವವರು ನಾಲ್ಕು ಜನ ಸೇರಿದ ಕಡೆ ಒಂದು ಪ್ರಶ್ನೆ ಕೇಳಿ. ಜಯಂತ್‌ಗೆ ಹೆಂಡತಿ ಮೇಲೆ ಇರೋದು ಪ್ರೀತಿನಾ, ಹುಚ್ಚಾ? ಹಾಸನದ ಯಾವ ಬೀದಿಯಲ್ಲಿ ಕೇಳಿದರೂ ತಕ್ಷಣ ಎರಡು ಪಕ್ಷ ಆಗುತ್ತವೆ. ಈ ಧಾರಾವಾಹಿ ಜೀ ಕನ್ನಡದಲ್ಲಿ 2024ರ ಜನವರಿಯಲ್ಲಿ ಶುರುವಾಯಿತು. ಜಯಂತ್ ಹೆಂಡತಿ ಜಾಹ್ನವಿಯನ್ನು ‘ಚಿನ್ನುಮರಿ’ ಅಂತ ಕರೆಯುತ್ತಾನೆ. ಅವಳಿಗೆ ಗೊತ್ತಾಗದ ಹಾಗೆ ಮನೆಯೊಳಗೆ ಕ್ಯಾಮೆರಾ ಇಟ್ಟು ನೋಡುತ್ತಿರುತ್ತಾನೆ.

ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಸಾಲದ ಕಂತು ಕಟ್ಟಿ ಮುಗಿದ ಮೇಲೆ ಈ ಮಾತು ಬರುತ್ತದೆ. ವಯಸ್ಸಾದ ಒಬ್ಬರು, “ಕುಡಿಯಲ್ಲ, ಕೈ ಎತ್ತಲ್ಲ, ಅಂಗೈಲಿಟ್ಟು ಸಾಕ್ತಾನೆ, ಇನ್ನೇನು ಬೇಕು ಕಣವ್ವ?” ಅನ್ನುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ಸುಮ್ಮನಿರುವುದಿಲ್ಲ. “ಕೂತರೆ ನಿಂತರೆ ಲೆಕ್ಕ ಇಡೋನು ಗಂಡನಾ ಅಜ್ಜಿ, ಜೈಲಿನೋನಾ?” ಅಂತ ಕೇಳುತ್ತಾಳೆ. ಜೋರು ವಾದ ನಡೆಯುತ್ತದೆ. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತ ಇನ್ನೊಬ್ಬರು, “ಅದೆಲ್ಲ ಇರಲಿ, ಅವಳು ತವರಲ್ಲಿ ಯಾಕೆ ಹೇಳಲಿಲ್ಲ?” ಅಂತ ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಅಲ್ಲಿದ್ದ ಎಲ್ಲರಿಗೂ ಗೊತ್ತಿರುತ್ತದೆ. ಅಪ್ಪ ಅಮ್ಮನಿಗೆ ಮೊದಲೇ ಸಾಕಷ್ಟು ಕಷ್ಟ ಇದೆ. ಮಗಳು ಸುಖವಾಗಿದ್ದಾಳೆ ಅನ್ನುವ ಒಂದು ನೆಮ್ಮದಿಯನ್ನಾದರೂ ಯಾಕೆ ಕಿತ್ತುಕೊಳ್ಳಬೇಕು ಅಂತ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ತನ್ನ ಅಳಿಯ ತನ್ನ ಮಗಳ ಫೋನು ತೆಗೆದು ನೋಡುತ್ತಾನೆ ಅಂತ ಯಾವ ತಾಯಿಯೂ ಸಂಘದಲ್ಲಿ ಎದ್ದು ನಿಂತು ಹೇಳುವುದಿಲ್ಲ. ಜಯಂತ್ ವಿಷಯ ಬಂದಾಗ ಮಾತ್ರ ಅದೇ ತಾಯಿ ಅರ್ಧ ಗಂಟೆ ಮಾತಾಡಬಲ್ಲಳು. ಯಾರ ಮನೆಯ ಮರ್ಯಾದೆಯೂ ಹೋಗುವುದಿಲ್ಲ. ಕೇಳಬೇಕಾದವರ ಕಿವಿಗೆ ಮಾತು ಬಿದ್ದಿರುತ್ತದೆ. ಧಾರಾವಾಹಿಯ ಜಗಳವನ್ನು ನಾನು ಗೌರವದಿಂದ ನೋಡುವುದು ಇದಕ್ಕೇ.

ಇದನ್ನು ಕೆಲಸವಿಲ್ಲದವರ ಹರಟೆ ಅಂತ ತಳ್ಳಿಹಾಕುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚಿ, ಹಾಲು ಡೈರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಕೂಲಿಗೋ ಫ್ಯಾಕ್ಟರಿಗೋ ಹೋಗಿ ಬಂದವರು ರಾತ್ರಿ ಅರ್ಧ ಗಂಟೆ ಕಥೆ ನೋಡುತ್ತಾರೆ. ನೋಡಿದ್ದರ ಬಗ್ಗೆ ಯೋಚಿಸುತ್ತಾರೆ. ಯೋಚಿಸಿದ್ದನ್ನು ವಾದ ಮಾಡಿ ಸಾಧಿಸುತ್ತಾರೆ. ಸಾಹಿತ್ಯ ಓದಿದವರು ಮಾಡುವುದೂ ಇದೇ ಕೆಲಸ ಅಲ್ವಾ?

ಈ ಅಭ್ಯಾಸ ಹೊಸದೇನೂ ಅಲ್ಲ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗಲೂ ಹೀಗೇ ಇತ್ತು. ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಧಾರಾವಾಹಿ ಅದು. ಆಮೇಲೆ ಸೀತಾರಾಂ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಅನ್ನುವ ವಕೀಲರ ಪಾತ್ರ ಬಂತು. ಕೋರ್ಟಿನಲ್ಲಿ ಅವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಮನೆ ಜಗಲಿಯಲ್ಲಿ ಕುಳಿತ ಗಂಡಸರು ಕೇಳುತ್ತಿದ್ದರು. ಧಾರಾವಾಹಿ ಹೆಂಗಸರದ್ದು ಮಾತ್ರ ಅನ್ನುವವರು ಇದನ್ನು ಮರೆತಿದ್ದಾರೆ.

ಈಗ ತಿರುವುಗಳ ವಿಚಾರಕ್ಕೆ ಬರುತ್ತೇನೆ. ನಮ್ಮ ಜನ ತಿರುವಿಗೆ ಹೆದರುವವರಲ್ಲ. ‘ಗೃಹಭಂಗ’ವನ್ನೇ ನೋಡಿ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ಕಾದಂಬರಿ. ಗಿರೀಶ ಕಾಸರವಳ್ಳಿ ಅದನ್ನು ಧಾರಾವಾಹಿ ಮಾಡಿದರು. ಕೆಲಸಕ್ಕೆ ಬಾರದ ಗಂಡ, ಬಾಯಿ ತೆರೆದರೆ ಬೈಗುಳ ಸುರಿಸುವ ಅತ್ತೆ ಗಂಗಮ್ಮ, ಇವರ ನಡುವೆ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ನಡೆಸುವ ನಂಜಮ್ಮ. ಅವಳ ಬೆಳೆದ ಮಕ್ಕಳನ್ನು ಪ್ಲೇಗು ಕೊಂಡೊಯ್ಯುತ್ತದೆ. ಅದಕ್ಕಿಂತ ಕ್ರೂರವಾದ ತಿರುವು ಇನ್ನೊಂದಿಲ್ಲ. ಆದರೂ ಅದು ಸುಳ್ಳು ಅಂತ ನಮ್ಮ ಕಡೆ ಯಾರಿಗೂ ಅನ್ನಿಸುವುದಿಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡ ಕಥೆಯನ್ನು ಇಲ್ಲಿಯ ಜನ ಹಿರಿಯರ ಬಾಯಲ್ಲಿ ಕೇಳಿಯೇ ಬೆಳೆದಿದ್ದಾರೆ.

ಅದೇ ಜನ ‘ಅಗ್ನಿಸಾಕ್ಷಿ’ ನೋಡುವಾಗ ಸಿಟ್ಟಾದರು. 2013ರ ಕೊನೆಗೆ ಶುರುವಾಗಿ 2020ರ ಜನವರಿಯವರೆಗೆ ನಡೆದ ಧಾರಾವಾಹಿ. ಅದರ ನಾಯಕಿ ಸನ್ನಿಧಿ, ನಾಯಕ ಸಿದ್ಧಾರ್ಥ್ ಎಂದರೆ ನೋಡುವವರಿಗೆ ಮನೆಮಕ್ಕಳ ಹಾಗೆ. ಆದರೆ ಚಂದ್ರಿಕಾ ಮನೆಯೊಳಗೇ ಇದ್ದುಕೊಂಡು ಸಂಚು ಮಾಡುತ್ತಾಳೆ, ಇನ್ನೇನು ಸಿಕ್ಕಿಬಿದ್ದಳು ಅನ್ನುವಾಗ ತಪ್ಪಿಸಿಕೊಳ್ಳುತ್ತಾಳೆ. ಒಂದು ಸಲ ಸರಿ, ಎರಡು ಸಲ ಸರಿ. ವರ್ಷಗಟ್ಟಲೆ ಹಾಗೇ ಆದರೆ? “ಅಷ್ಟು ಓದಿದೋರಿಗೆ ಇಷ್ಟು ಗೊತ್ತಾಗಲ್ವಾ?” ಅಂತ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಸನ್ನಿಧಿ ಬುದ್ಧಿವಂತೆ ಅಂತ ತೋರಿಸಿದವರೇ, ಕಥೆ ಎಳೆಯುವುದಕ್ಕಾಗಿ ಅವಳ ಬುದ್ಧಿಯನ್ನು ಬದಿಗಿಟ್ಟರೆ ನೋಡುವವರಿಗೆ ಅವಮಾನ ಆಗುತ್ತದೆ.

ಬರೆಯುವವರ ಕಷ್ಟವೂ ಇದೆ, ಅದನ್ನು ಹೇಳಲೇಬೇಕು. ವಾರಕ್ಕೆ ಐದಾರು ಕಂತು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ಕಥೆಯನ್ನು ಪೂರ್ತಿ ಬರೆದಿಟ್ಟುಕೊಂಡು ಶೂಟಿಂಗ್‌ಗೆ ಹೋಗುವುದಿಲ್ಲ. ಪ್ರಸಾರಕ್ಕೆ ಸ್ವಲ್ಪ ಮುಂಚೆ ಚಿತ್ರೀಕರಣ ಆಗುತ್ತಿರುತ್ತದೆ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅನ್ನುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿ ಗುರುವಾರ ಬರುತ್ತದೆ. ಅಂಕಿ ಬಿದ್ದರೆ ಯಾರಿಗೋ ಅಪಘಾತ ಆಗುತ್ತದೆ, ಸತ್ತವರು ಎದ್ದು ಬರುತ್ತಾರೆ. ಕೆಲವು ಸಲ ಕಲಾವಿದರೇ ಬದಲಾಗುತ್ತಾರೆ. 2022ರಲ್ಲಿ ‘ಜೊತೆ ಜೊತೆಯಲಿ’ಯಲ್ಲಿ ಅನಿರುದ್ಧ್ ಮಾಡುತ್ತಿದ್ದ ಆರ್ಯವರ್ಧನ್ ಪಾತ್ರಕ್ಕೆ ಅವರ ಬದಲು ಹರೀಶ್ ರಾಜ್ ಬಂದರು. ಬೇರೆ ಮುಖದಲ್ಲಿ ಅದೇ ಆರ್ಯನನ್ನು ಕಾಣಲು ಎಷ್ಟೋ ಜನರಿಗೆ ಆಗಲಿಲ್ಲ. ಇನ್ನು ಕೆಲವರು ನಾಯಕಿ ಅನು ಸಿರಿಮನೆಗಾಗಿಯೇ ಕೊನೆಯವರೆಗೂ ನೋಡಿದರು. ಇಬ್ಬರದ್ದೂ ನಿಷ್ಠೆಯೇ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮಳೆಗಾಲದ ಧಾರಾವಾಹಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದು ಗೊತ್ತು. ಜುಲೈ ತಿಂಗಳ ಜಡಿಮಳೆಯಲ್ಲಿ ಡಿಶ್‌ನ ಸಿಗ್ನಲ್ ಹೋಗುತ್ತದೆ. ಕರೆಂಟೂ ಹೋಗುತ್ತದೆ. ಕಥೆಯಲ್ಲಿ ಯಾರೋ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ. ಮಾರನೇ ದಿನ ತೋಟದಲ್ಲಿ ಕಳೆ ಕೀಳುವಾಗ, ಪೇಟೆಯಲ್ಲಿರುವ ತಂಗಿಗೆ ಫೋನು ಮಾಡಿ ತಿಳಿದುಕೊಂಡವರೊಬ್ಬರು ಲೈನ್ ಮನೆಯವರಿಗೆಲ್ಲ, ಅಂದರೆ ತೋಟದ ಸಾಲುಮನೆಯ ಕೆಲಸದವರಿಗೆಲ್ಲ, ಕಥೆ ಹೇಳುತ್ತಾರೆ. ಬರೀ ನಡೆದದ್ದನ್ನು ಹೇಳಿ ಬಿಡುವುದಿಲ್ಲ. ಅತ್ತೆಯ ದನಿ ಬೇರೆ, ಸೊಸೆಯ ದನಿ ಬೇರೆ. ಬೇಡವಾದ ದೃಶ್ಯ ಬಿಟ್ಟು, ಬೇಕಾದ ಕಡೆ ಎರಡು ಮಾತು ಸೇರಿಸುತ್ತಾರೆ. ಆಮೇಲೆ ಮರುಪ್ರಸಾರ ನೋಡಿದವರು, “ನೀನು ಹೇಳಿದ್ದೇ ಚೆನ್ನಾಗಿತ್ತು ಕಣಕ್ಕ” ಅನ್ನುವುದುಂಟು. ಈಗ ಮೊಬೈಲ್ ಬಂದು ಕಥೆ ತಪ್ಪುವುದು ಕಡಿಮೆಯಾಗಿದೆ. ಆದರೆ ಗುಡ್ಡದ ಮರೆಯ ತೋಟಗಳಲ್ಲಿ ನೆಟ್‌ವರ್ಕ್ ಕೂಡ ಸುಲಭಕ್ಕೆ ಸಿಗುವುದಿಲ್ಲ.

ಸದ್ಯ ನಮ್ಮ ಬೀದಿಯಲ್ಲಿ ಇತ್ಯರ್ಥವಾಗದ ಒಂದು ವಾದ ಇದೆ. ‘ಭಾಗ್ಯಲಕ್ಷ್ಮಿ’ಯ ಅತ್ತೆ ಕುಸುಮಾ ಬಗ್ಗೆ. ಭಾಗ್ಯ ಮಗಳು ಓದುವ ಶಾಲೆಗೇ ಹೋಗಿ ಹತ್ತನೇ ಕ್ಲಾಸು ಓದಿದವಳು. ಗಂಡ ತಾಂಡವ್ ಬೇರೊಬ್ಬಳ ಹಿಂದೆ ಹೋದ. ಆಗ ಕುಸುಮಾ ಹೆತ್ತ ಮಗನನ್ನು ಬಿಟ್ಟು ಸೊಸೆಯ ಪರ ನಿಂತಳು. ಇಂಥ ಅತ್ತೆ ಕಥೆಯಲ್ಲಿ ಮಾತ್ರ ಇರೋದು ಅಂತ ಒಂದು ಪಕ್ಷ. ಎಷ್ಟೇ ಆದರೂ ಹೆತ್ತ ಕರುಳು, ನಾಳೆ ಮಗನ ಕಡೆ ತಿರುಗೇ ತಿರುಗುತ್ತಾಳೆ ಅಂತ ಅವರ ಲೆಕ್ಕ. ನಾನು ಇನ್ನೊಂದು ಪಕ್ಷ. ಕುಸುಮಾ ಮೊದಲಿನಿಂದಲೂ ಖಡಕ್ ಹೆಂಗಸು. ಮನೆಯಲ್ಲಿ ಎಲ್ಲರಿಗೂ ಒಂದೇ ನ್ಯಾಯ ಅನ್ನುವವಳು. ಮಗ ತಪ್ಪು ಮಾಡಿದಾಗ ಅವಳು ಬೇರೆ ಥರ ನಡೆದುಕೊಂಡಿದ್ದರೆ ನಾನು ನಂಬುತ್ತಿರಲಿಲ್ಲ. ಮಗನಿಗೆ ಬುದ್ಧಿ ಹೇಳಿ, ಸೋತು, ಸೊಸೆ ಮೊಮ್ಮಕ್ಕಳ ಜೊತೆಯೇ ಉಳಿದ ಅತ್ತೆಯಂದಿರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರನ್ನು ನಾನು ನೋಡಿದ್ದೇನೆ.

ನಿಮ್ಮೂರಿನಲ್ಲಿ ಅಂಥ ಅತ್ತೆ ಇದ್ದರೆ ಒಂದು ಕಾರ್ಡು ಬರೆದು ಆಕಾಶವಾಣಿಗೆ ಹಾಕಿ. ಹೆಸರು ಬೇಡ, ನಡೆದದ್ದು ಬರೆದರೆ ಸಾಕು. ಇರೋದಕ್ಕೆ ಸಾಧ್ಯವೇ ಇಲ್ಲ ಅನ್ನುವವರೂ ಬರೆಯಿರಿ.

ನಮಸ್ಕಾರ.